ಬಾಲಾನಗರದ ಪಕ್ಕದ ರನ್‌ವೇ

ಹೈದರಾಬಾದಿನ ಬಾಲಾನಗರ ಎಂದರೆ ಕಾರ್ಖಾನೆಗಳ ಪ್ರದೇಶ. ಐಡಿಪಿಎಲ್‌ನ ಔಷಧ ಕಾರ್ಖಾನೆ, ಎಚ್‌ಎಎಲ್‌ನ ಏವಿಯಾನಿಕ್ಸ್ ವಿಭಾಗ, ರಾಷ್ಟ್ರೀಯ ದೂರಸಂವೇದಿ ಕೇಂದ್ರ ಎಲ್ಲವೂ ಇಲ್ಲಿ ನೆಲೆಯೂರಿದವು. ಇಲ್ಲಿಂದ ಆಗ್ನೇಯಕ್ಕೆ ಸ್ವಲ್ಪ ದೂರದಲ್ಲೇ ಬೇಗಂಪೇಟೆ ವಿಮಾನ ನಿಲ್ದಾಣ. ಅಲ್ಲಿನ ರನ್‌ವೇ 3,230 ಮೀಟರ್ ಉದ್ದವಿದೆ. ಆದರೂ 2008ರ ಮಾರ್ಚ್‌ನಲ್ಲಿ ಅಲ್ಲಿನ ನಿಯಮಿತ ಪ್ರಯಾಣಿಕ ವಿಮಾನಗಳೆಲ್ಲ ಶಂಶಾಬಾದಿಗೆ ಹೋದವು. ಇಷ್ಟು ಉದ್ದದ ರನ್‌ವೇ ಇದ್ದೂ ನಿಲ್ದಾಣ ಸಾಲದಾಯಿತು ಏಕೆ?

ಬೇಗಂಪೇಟೆಯ ಕಥೆ ನಮಗೆ ಪರಕೀಯವಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು; ಅವರಿಗೆ ರಾಜಧಾನಿಯ ನಿಲ್ದಾಣ ಇದೇ. ನಿಜಾಮರ ಆಳ್ವಿಕೆಯಲ್ಲಿ, 1930ರ ದಶಕದಲ್ಲಿ, ಹೈದರಾಬಾದ್ ಏರೋ ಕ್ಲಬ್ಬಿನ ಜೊತೆಗೆ ಇದು ಬೆಳೆಯಿತು. 1945ರಲ್ಲಿ ನಿಜಾಮರ ಸರ್ಕಾರ ಮತ್ತು ಟಾಟಾ ಸೇರಿ ಡೆಕ್ಕನ್ ಏರ್‌ವೇಸ್ ಕಟ್ಟಿದರು. ದೇಶದ ಮೊದಲ ವಾಣಿಜ್ಯ ಮಹಿಳಾ ಪೈಲಟ್ ಪ್ರೇಮ್ ಮಾಥುರ್ 1947ರಲ್ಲಿ ಕೆಲಸಕ್ಕೆ ಸೇರಿದ್ದು ಈ ಕಂಪನಿಯಲ್ಲೇ. 1953ರ ರಾಷ್ಟ್ರೀಕರಣದಲ್ಲಿ ಅದು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನವಾಯಿತು.

ಆ ಕಾಲದ ಡಕೋಟಾ ವಿಮಾನಗಳಿಗೆ ಸಣ್ಣ ರನ್‌ವೇ ಸಾಕಿತ್ತು. ಜೆಟ್ ವಿಮಾನಗಳಿಗೆ ಉದ್ದ ಬೇಕು, ದಖ್ಖನಿನಲ್ಲಂತೂ ಇನ್ನೂ ಹೆಚ್ಚು. ಬೇಗಂಪೇಟೆ ಸಮುದ್ರಮಟ್ಟಕ್ಕಿಂತ ಸುಮಾರು 530 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಎತ್ತರ ಮತ್ತು ಬಿಸಿಲು ಎರಡೂ ಗಾಳಿಯನ್ನು ತೆಳುವಾಗಿಸುತ್ತವೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಆಸರೆ ಕಡಿಮೆ, ಎಂಜಿನ್ನಿಗೆ ಬಲ ಕಡಿಮೆ. ಮೇಲೇರಲು ವಿಮಾನ ಹೆಚ್ಚು ದೂರ ಓಡಬೇಕು. ಉದ್ದ ಸಾಲದಿದ್ದರೆ ಇಂಧನವನ್ನೋ ಪ್ರಯಾಣಿಕರನ್ನೋ ಕಡಿಮೆ ಮಾಡಬೇಕು. ರನ್‌ವೇ ಉದ್ದ ಮಾಡುವುದಕ್ಕೆ ನಿಜವಾದ ಕಾರಣ ಇದು: ಭಾರದ ವಿಮಾನ, ದೂರದ ಪ್ರಯಾಣ.

ದಟ್ಟಣೆಯ ಲೆಕ್ಕವೇ ಬೇರೆ. ರನ್‌ವೇ ಎಷ್ಟೇ ಉದ್ದವಿರಲಿ, ಒಂದು ಸಲಕ್ಕೆ ಒಂದೇ ವಿಮಾನ ಅದನ್ನು ಬಳಸಬೇಕು. ಪ್ರತಿ ವಿಮಾನಕ್ಕೆ ಎರಡು ನಿಮಿಷ ಹಿಡಿದರೆ ಗಂಟೆಗೆ 30, ಮೂರು ನಿಮಿಷವಾದರೆ 20. ದೊಡ್ಡ ವಿಮಾನ ತನ್ನ ಹಿಂದೆ ಗಾಳಿಯ ಸುಳಿ ಬಿಟ್ಟು ಹೋಗುತ್ತದೆ. ಅದರ ಹಿಂದೆ ಬರುವ ಮಧ್ಯಮ ಗಾತ್ರದ ವಿಮಾನ ಸುಮಾರು 9 ಕಿಲೋಮೀಟರ್ ಅಂತರ ಕಾಯಬೇಕು. ಇಳಿಯುವ ವೇಗದಲ್ಲಿ ಅದು ಎರಡು ನಿಮಿಷಕ್ಕೂ ಹೆಚ್ಚು. ಅಂದರೆ ಉದ್ದವಾದ ರನ್‌ವೇ ದೊಡ್ಡ ವಿಮಾನಗಳನ್ನು ಕರೆದು, ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆಯನ್ನು ಇಳಿಸಲೂಬಹುದು. ಒಂದೊಂದರಲ್ಲಿ ಹೆಚ್ಚು ಜನ ಬರುತ್ತಾರೆ ನಿಜ, ಆದರೆ ಆಕಾಶದಲ್ಲಿ ಸುತ್ತುವ ಸಾಲು ಕರಗುವುದಿಲ್ಲ. ಅದಕ್ಕೆ ಬೇಕಾದದ್ದು ಇಳಿದ ವಿಮಾನ ಬೇಗ ಹೊರಗೆ ತಿರುಗುವ ಟ್ಯಾಕ್ಸಿವೇ, ನಿಲ್ಲಲು ಜಾಗ, ಮತ್ತು ಇನ್ನೊಂದು ರನ್‌ವೇ. ಎರಡು ಸಮಾನಾಂತರ ರನ್‌ವೇಗಳಲ್ಲಿ ಪರಸ್ಪರ ಕಾಯದೆ ವಿಮಾನ ಇಳಿಸಬೇಕಾದರೆ ಅಂತರರಾಷ್ಟ್ರೀಯ ನಿಯಮದಂತೆ ಅವುಗಳ ನಡುವೆ ಕನಿಷ್ಠ 1,035 ಮೀಟರ್ ಇರಬೇಕು.

ಬೇಗಂಪೇಟೆಯಲ್ಲಿ ಅಷ್ಟು ಜಾಗ ಎಲ್ಲಿತ್ತು? ಪೂರ್ವಕ್ಕೆ ಸಿಕಂದರಾಬಾದ್, ಪಶ್ಚಿಮಕ್ಕೆ ಫತೇನಗರ, ವಾಯವ್ಯಕ್ಕೆ ಬಾಲಾನಗರ; ಅಂಗಳದಲ್ಲೇ ವಾಯುಪಡೆ. ತುದಿಯನ್ನು ಮುಂದಕ್ಕೆ ಚಾಚುವುದೂ ಸುಲಭವಲ್ಲ. ಇಳಿಯುವ ದಾರಿಯ ಕೆಳಗೆ ಕಟ್ಟಡಗಳಿಗೆ ಬಿಡುವ ಎತ್ತರ 50 ಮೀಟರಿಗೆ 1 ಮೀಟರಿನಂತೆ ಏರುತ್ತದೆ. ರನ್‌ವೇಯ ತುದಿ 500 ಮೀಟರ್ ಮುಂದೆ ಬಂದರೆ ಆ ದಾರಿಯ ಕೆಳಗೆ ಬಿಡುವ ಎತ್ತರ 10 ಮೀಟರ್, ಅಂದರೆ ಮೂರು ಅಂತಸ್ತು, ಕಡಿಮೆಯಾಗುತ್ತದೆ. ಕಾಂಪೌಂಡಿನ ಹೊರಗಿನ ಮನೆಗಳ ಮೇಲೂ ಆ ತೀರ್ಮಾನ ಬೀಳುತ್ತದೆ.

2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಅಗ್ಗದ ಟಿಕೆಟ್ ಮಾರತೊಡಗಿದ ಮೇಲೆ ಒತ್ತಡ ಇನ್ನೂ ಏರಿತು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ್ದೂ ಇದೇ ಪಾಡು: ರನ್‌ವೇ 3,300 ಮೀಟರ್, ಸುತ್ತ ಊರು. 2008ರ ಮಾರ್ಚ್ 23ರಂದು ಶಂಶಾಬಾದ್, ಮೇ 24ರಂದು ದೇವನಹಳ್ಳಿ ಆರಂಭವಾದವು. ಹೊಸ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ 25 ವರ್ಷ ಪೈಪೋಟಿಯ ನಿಲ್ದಾಣ ಇರಕೂಡದೆಂಬ ಒಪ್ಪಂದದಿಂದಾಗಿ ಹಳೆಯವೆರಡೂ ನಿಯಮಿತ ಪ್ರಯಾಣಿಕರಿಗೆ ಮುಚ್ಚಿದವು. ಇದನ್ನು ವಿರೋಧಿಸಿ ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು ಆ ಮಾರ್ಚ್‌ನಲ್ಲಿ ಮುಷ್ಕರ ಹೂಡಿದ್ದರು.

ದೇವನಹಳ್ಳಿಯಲ್ಲಿ ಮೊದಲೇ ಸುಮಾರು 4,000 ಎಕರೆ ತೆಗೆದಿಟ್ಟದ್ದರಿಂದ 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ಬಳಕೆಗೆ ಬಂತು. ಆ ಭೂಮಿ ಬರಡಾಗಿ ಬಿದ್ದಿದ್ದಲ್ಲ, ಅದರಲ್ಲಿ ಹೊಲಗಳಿದ್ದವು. ನಗರದ ದಟ್ಟಣೆಯ ಪರಿಹಾರಕ್ಕೆ ಹಳ್ಳಿ ಬೆಲೆ ತೆತ್ತಿತು.

ಈಗ ಕಲಬುರಗಿಗೆ ಬನ್ನಿ. 2019ರ ನವೆಂಬರ್‌ನಲ್ಲಿ ಆರಂಭವಾದ ಅಲ್ಲಿನ ನಿಲ್ದಾಣದ ರನ್‌ವೇ 3,175 ಮೀಟರ್, ಬೇಗಂಪೇಟೆಗಿಂತ ಬರೀ 55 ಮೀಟರ್ ಕಡಿಮೆ. ಒಂದು ಕಡೆ ಆ ಉದ್ದ ಸಾಲದೆ ನಿಲ್ದಾಣವೇ ಊರು ಬಿಟ್ಟಿತು. ಇನ್ನೊಂದು ಕಡೆ ಅಷ್ಟೇ ಉದ್ದದ ಪಟ್ಟಿ ಬೆರಳೆಣಿಕೆಯ ವಿಮಾನಗಳಿಗಾಗಿ ಕಾಯುತ್ತದೆ. ನಿಮ್ಮೂರಿನ ರನ್‌ವೇ ವಿಸ್ತರಣೆಯ ಸುದ್ದಿ ಬಂದಾಗ ಎಷ್ಟು ಮೀಟರ್ ಎಂದು ಕೇಳಿ ಸುಮ್ಮನಾಗಬೇಡಿ. ಯಾವ ವಿಮಾನಕ್ಕೆ, ಗಂಟೆಗೆ ಎಷ್ಟಕ್ಕೆ, ಯಾರ ನೆಲದ ಮೇಲೆ ಎಂದೂ ಕೇಳಿ.