ಅನ್ನ, ಹಬೆ ಮತ್ತು ವಿದ್ಯುತ್ತು: ಜಪಾನಿನ ರೈಸ್ ಕುಕ್ಕರಿನ ಚರಿತ್ರೆ

ಅನ್ನ ಮಾಡುವ ವಿದ್ಯುತ್ ಉಪಕರಣದ ಚರಿತ್ರೆಯನ್ನು ಸಾಮಾನ್ಯವಾಗಿ ಗೃಹಿಣಿಯ ಬಿಡುವಿನ ಚರಿತ್ರೆಯೆಂದೇ ಬರೆಯಲಾಗುತ್ತದೆ. ಅದರ ಹುಟ್ಟೂರಾದ ಜಪಾನಿನಲ್ಲಿ ಆ ಉಪಕರಣ ನಡೆದುಬಂದ ದಾರಿಯನ್ನು, ಶಾಖವು ಎಲ್ಲಿ ಹುಟ್ಟಿ ಎಲ್ಲಿ ಸೋರಿಹೋಯಿತು ಎಂಬ ಕಡೆಯಿಂದ ನೋಡಿದರೆ, ಇಂಡಕ್ಷನ್ ಕುಕ್ಕರಿಗೆ ಇಂದು ಸಲ್ಲುತ್ತಿರುವ ಮಿತವ್ಯಯದ ಕೀರ್ತಿ ಎಷ್ಟರ ಮಟ್ಟಿಗೆ ನ್ಯಾಯವಾದದ್ದು ಎಂಬುದೂ ಸ್ಪಷ್ಟವಾಗುತ್ತದೆ.

ಜಪಾನೀಯರು ಅನ್ನದ ಗಂಜಿಯನ್ನು ಬಸಿಯುವುದಿಲ್ಲ. ಅಳತೆಯಿಟ್ಟು ಹಾಕಿದ ನೀರನ್ನೆಲ್ಲ ಅಕ್ಕಿಯೇ ಹೀರಿಕೊಳ್ಳಬೇಕು. ಕಾಮಾದೋ ಎಂಬ ಮಣ್ಣಿನ ಒಲೆಯ ಮೇಲೆ, ದಪ್ಪ ಮರದ ಮುಚ್ಚಳವಿದ್ದ ಹಗಾಮಾ ಎಂಬ ಪಾತ್ರೆಯಲ್ಲಿ ಮೊದಲು ಸಣ್ಣ ಉರಿ, ನಡುವೆ ದೊಡ್ಡ ಉರಿ, ಕೊನೆಗೆ ಮುಚ್ಚಳ ತೆರೆಯದೆ ಇಂಗಿಸುವುದು ಎಂಬ ಕ್ರಮದಲ್ಲಿ ಬೇಯಿಸುತ್ತಿದ್ದರು. ವಿದ್ಯುತ್ತಿನಿಂದ ಅನ್ನ ಮಾಡುವ ಯತ್ನಗಳು, ತಾನಾಗಿಯೇ ನಿಲ್ಲುವ ಕುಕ್ಕರ್ ಮಾರುಕಟ್ಟೆಗೆ ಬಂದ 1955ಕ್ಕಿಂತ ಹಿಂದೆಯೇ ನಡೆದಿದ್ದವು. ಮುಂದೆ ಸೋನಿ ಎಂದು ಹೆಸರಾದ ಸಂಸ್ಥೆಯೂ ಯುದ್ಧ ಮುಗಿದ ಹೊಸತರಲ್ಲಿ ಮರದ ತೊಟ್ಟಿಯ ತಳಕ್ಕೆ ಅಲ್ಯೂಮಿನಿಯಂ ವಿದ್ಯುದ್ವಾರಗಳನ್ನಿಟ್ಟು ಒಂದು ಪಾತ್ರೆಯನ್ನು ರೂಪಿಸಿ ಸೋತಿತ್ತು. ಈ ಯತ್ನಗಳಲ್ಲಿ ಹಲವು ಎಡವಿದ್ದು ಒಂದೇ ಕಡೆ: ಅನ್ನ ಯಾವಾಗ ಸರಿಯಾಗಿ ಆಯಿತೆಂದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ.

ಆ ತಿಳಿವನ್ನು ಯಂತ್ರಕ್ಕೆ ಕೊಟ್ಟವರು ಟೋಕಿಯೊದಲ್ಲಿ ಸಣ್ಣ ಕಾರ್ಖಾನೆಯೊಂದನ್ನು ನಡೆಸುತ್ತಿದ್ದ ಯೋಶಿತಾದಾ ಮಿನಾಮಿ ಮತ್ತು ಅವರ ಪತ್ನಿ ಫುಮಿಕೊ. ತೋಶಿಬಾ ಸಂಸ್ಥೆಯ ಯಾಮಾದಾ ಶೋಗೊ ವಹಿಸಿದ ಈ ಕೆಲಸದಲ್ಲಿ, ಋತುಋತುವಿಗೂ ಅಕ್ಕಿ ಬೇಯಿಸಿ ಉಷ್ಣತೆಯನ್ನು ಅಳೆದು ಬರೆದಿಟ್ಟ ದಣಿವಿಲ್ಲದ ದುಡಿಮೆ ಫುಮಿಕೊ ಅವರದು. ಚರಿತ್ರೆಕಾರರು ಅವರಿಗೆ ಸಲ್ಲಬೇಕಾದ ಸ್ಥಾನವನ್ನು ಬಹುಕಾಲ ಕೊಡಲಿಲ್ಲ ಎಂಬುದು ವಿಷಾದದ ಸಂಗತಿ. ಕುದಿ ಬಂದ ಮೇಲೆ ಸುಮಾರು 98 ಡಿಗ್ರಿಯಲ್ಲಿ 20 ನಿಮಿಷ ಇದ್ದರೆ ಅಕ್ಕಿಯ ಪಿಷ್ಟ ಹದವಾಗಿ ಬೇಯುತ್ತದೆ ಎಂಬುದನ್ನು ಆಧಾರವಾಗಿಟ್ಟುಕೊಂಡು, ಮಿನಾಮಿ ದಂಪತಿ ಒಂದರೊಳಗೊಂದು ಪಾತ್ರೆಯನ್ನಿಟ್ಟು, ಹೊರಪಾತ್ರೆಗೆ ಒಂದು ಲೋಟದಷ್ಟು ನೀರು ಹಾಕುವ ಏರ್ಪಾಡು ಮಾಡಿದರು. ಆ ನೀರು ಸುಮಾರು 20 ನಿಮಿಷದಲ್ಲಿ ಆವಿಯಾಗಿ ಮುಗಿದೊಡನೆ ಉಷ್ಣತೆ 100 ಡಿಗ್ರಿಯನ್ನು ದಾಟುತ್ತಿತ್ತು. ಆಗ ಬೈಮೆಟಲ್, ಅಂದರೆ ಬಿಸಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ, ಬಾಗಿ ವಿದ್ಯುತ್ತನ್ನು ಕಡಿಯುತ್ತಿತ್ತು. 1955ರ ಡಿಸೆಂಬರಿನಲ್ಲಿ 3,200 ಯೆನ್ ಬೆಲೆಗೆ ಮಾರುಕಟ್ಟೆಗೆ ಬಂದ ಈ ಪಾತ್ರೆ, ಐದಾರು ವರ್ಷಗಳೊಳಗೆ ಜಪಾನಿನ ಅರ್ಧದಷ್ಟು ಮನೆಗಳನ್ನು ಸೇರಿತು.

ಈ ಜಾಣ್ಮೆಗೆ ತೆತ್ತ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. 450 ಗ್ರಾಂ ಅಕ್ಕಿಯನ್ನೂ 600 ಗ್ರಾಂ ನೀರನ್ನೂ 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 70 ವ್ಯಾಟ್-ಗಂಟೆಗಿಂತ ತುಸು ಹೆಚ್ಚು ಶಕ್ತಿ ಸಾಕು (1,000 ವ್ಯಾಟ್-ಗಂಟೆಯೇ ವಿದ್ಯುತ್ ಬಿಲ್ಲಿನ ಒಂದು ಯೂನಿಟ್). ಹೊರಪಾತ್ರೆಯ ನೀರನ್ನು 180 ಮಿಲಿಲೀಟರ್ ಎಂದು ಹಿಡಿದರೆ, ಕುದಿಯುತ್ತಿರುವ ಅಷ್ಟು ನೀರನ್ನು ಆವಿಯಾಗಿಸುವುದಕ್ಕೇ 110 ವ್ಯಾಟ್-ಗಂಟೆಗೂ ಹೆಚ್ಚು ಬೇಕು. ಅಕ್ಕಿಯನ್ನು ಬಿಸಿಮಾಡಲು ಬೇಕಾದುದಕ್ಕಿಂತ ಹೆಚ್ಚಿನ ಶಾಖ, ಹೊತ್ತನ್ನು ಅಳೆಯುವ ನೀರಿನೊಂದಿಗೆ ಹಬೆಯಾಗಿ ಗಾಳಿಗೆ ಸೇರುತ್ತಿತ್ತು.

1956ರಲ್ಲಿ ಮಾತ್ಸುಶಿತಾ ಸಂಸ್ಥೆ ಒಂದೇ ಪಾತ್ರೆಯನ್ನು ನೇರವಾಗಿ ತಳದಿಂದ ಕಾಯಿಸುವ ಕುಕ್ಕರನ್ನು ತಂದಿತು. ಮುಂದೆ ಲೋಕದ ಬಹುಭಾಗ ಹಿಡಿದದ್ದು ಈ ದಾರಿಯನ್ನೇ. ಇಂಥ ಕುಕ್ಕರಿನಲ್ಲಿ ಅಲ್ಯೂಮಿನಿಯಂ ತಟ್ಟೆಯೊಳಗೆ ಹುದುಗಿದ ಸುರುಳಿ ಕಾದು ಶಾಖವನ್ನು ಪಾತ್ರೆಗೆ ದಾಟಿಸುತ್ತದೆ. ನೀರೆಲ್ಲ ಇಂಗಿ ತಳದ ಬಿಸಿ ಸುಮಾರು 103 ಡಿಗ್ರಿಗೆ ಏರಿದಾಗ, ಫೆರೈಟ್ ಎಂಬ ವಸ್ತು ಕಾಂತತ್ವ ಕಳೆದುಕೊಂಡು ಸ್ಪ್ರಿಂಗಿನ ಮೇಲಿನ ಹಿಡಿತವನ್ನು ಬಿಡುತ್ತದೆ, ಸ್ಪ್ರಿಂಗು ಸ್ವಿಚ್ಚನ್ನು ಮೇಲೆತ್ತುತ್ತದೆ. ಕರ್ನಾಟಕದ ಅಂಗಡಿಗಳಲ್ಲಿ ಇಂದಿಗೂ ಸಿಗುವ ಒಂದೇ ಸ್ವಿಚ್ಚಿನ ಕುಕ್ಕರ್ ಈ ವಂಶದ್ದೇ. ಹೆಚ್ಚು ನೀರಿನಲ್ಲಿ ಬಹಳ ಹೊತ್ತು ಬೇಯಿಸಿ ಗಂಜಿ ಬಸಿಯಬೇಕಾದ ಕರಾವಳಿಯ ಕುಚ್ಚಲಕ್ಕಿಗೆ ಅದು ಒಗ್ಗದಿರುವುದಕ್ಕೂ, ನೀರು ಇಂಗಿದ ಮೇಲಷ್ಟೇ ಕೆಲಸ ಮುಗಿಯಿತೆಂದು ತಿಳಿಯುವ ಈ ಜಪಾನೀ ಕ್ರಮವೇ ಕಾರಣ.

1970ರ ದಶಕದಲ್ಲಿ ಅನ್ನವನ್ನು ಬಿಸಿಯಾಗಿಯೇ ಇಡುವ ಸೌಕರ್ಯವೂ, 1979ರಲ್ಲಿ ಮೈಕ್ರೋಕಂಪ್ಯೂಟರಿನ ನಿಯಂತ್ರಣವೂ ಸೇರಿದವು. 1988ರಲ್ಲಿ ಮಾತ್ಸುಶಿತಾ ಸಂಸ್ಥೆಯೇ ಇಂಡಕ್ಷನ್ ಕುಕ್ಕರನ್ನು ಹೊರತಂದಿತು. ಪಾತ್ರೆಯ ಕೆಳಗಿನ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಹರಿದಾಗ, ಅದರ ಕಾಂತಕ್ಷೇತ್ರ ಪಾತ್ರೆಯ ಲೋಹದಲ್ಲಿಯೇ ಸುಳಿಪ್ರವಾಹವನ್ನು ಎಬ್ಬಿಸುತ್ತದೆ. ಶಾಖ ಪಾತ್ರೆಯೊಳಗೇ ಹುಟ್ಟುತ್ತದೆ. ಹಳೆಯ ಕುಕ್ಕರುಗಳು ಎಳೆಯುತ್ತಿದ್ದ ವಿದ್ಯುತ್ತಿನ ಸುಮಾರು ಇಮ್ಮಡಿಯನ್ನು ಇದು ಒಮ್ಮೆಗೇ ಬಳಸಬಲ್ಲುದಾದ್ದರಿಂದ, ಕಾಮಾದೋ ಒಲೆಯ ದೊಡ್ಡ ಉರಿ ಮತ್ತೆ ಅಡುಗೆಮನೆಗೆ ಬಂದಂತಾಯಿತು. ಜಪಾನೀಯರು ಇದಕ್ಕೆ ಹೆಚ್ಚು ಹಣ ಕೊಟ್ಟದ್ದು ಮುಖ್ಯವಾಗಿ ರುಚಿಗಾಗಿ.

ಮಿತವ್ಯಯದ ಮಾತು ಬೇರೆ. ತೆರೆದ ಒಲೆಯಲ್ಲಿ ಪಾತ್ರೆಯ ಸುತ್ತಲಿಂದ ಪೋಲಾಗುವ ಶಾಖವನ್ನು ಇಂಡಕ್ಷನ್ ಉಳಿಸುತ್ತದೆ, ನಿಜ. ಆದರೆ ಕುಕ್ಕರಿನಲ್ಲಿ ತಟ್ಟೆಯೂ ಪಾತ್ರೆಯೂ ಒಂದಕ್ಕೊಂದು ಹೊಂದಿ ಕವಚದೊಳಗೆ ಅಡಗಿರುವುದರಿಂದ ಉಳಿಸುವುದಕ್ಕೆ ಅಲ್ಲಿ ಹೆಚ್ಚೇನೂ ಇಲ್ಲ, ಅದರ ಮೇಲೆ ಇಂಡಕ್ಷನ್ನಿನ ವಿದ್ಯುನ್ಮಂಡಲವೂ ತನ್ನ ಪಾಲನ್ನು ಶಾಖವಾಗಿ ಕಳೆಯುತ್ತದೆ. ಜಪಾನ್ ಸರ್ಕಾರ ತನ್ನ ‘ಟಾಪ್ ರನ್ನರ್’ ಯೋಜನೆಗೆ, ಅಂದರೆ ಮಾರುಕಟ್ಟೆಯ ಅತ್ಯಂತ ಮಿತವ್ಯಯದ ಮಾದರಿಯನ್ನೇ ಉಳಿದವಕ್ಕೆ ಗುರಿಯಾಗಿಸುವ ನಿಯಮಕ್ಕೆ, 2006ರಲ್ಲಿ ರೈಸ್ ಕುಕ್ಕರನ್ನು ಸೇರಿಸಿದಾಗ, ಇಂಡಕ್ಷನ್ ಮತ್ತು ಸಾಮಾನ್ಯ ಕುಕ್ಕರುಗಳನ್ನು ಬೇರೆ ಬೇರೆ ವರ್ಗಗಳಲ್ಲಿಟ್ಟಿತು. ಬೇಯಿಸುವಾಗ ಆವಿಯಾಗುವ ನೀರಿನ ಪ್ರಮಾಣವನ್ನೂ ಗುರಿಯ ಲೆಕ್ಕಕ್ಕೆ ಸೇರಿಸಿತು. ಹಬೆಗೂ ರುಚಿಗೂ ನಂಟಿದೆ, ಮಿತವ್ಯಯದ ಹೆಸರಿನಲ್ಲಿ ಅನ್ನ ಕೆಡಬಾರದು ಎಂಬ ಈ ವಿವೇಕ ಮೆಚ್ಚತಕ್ಕದ್ದು.

ಆ ನಿಯಮ ಬೇಯಿಸುವುದರ ಜೊತೆಗೆ ಬಿಸಿಯಾಗಿಡುವ ಖರ್ಚನ್ನೂ ಅಳೆಯಿತು. ಸಾಧಾರಣ ಗಾತ್ರದ ಇಂಡಕ್ಷನ್ ಕುಕ್ಕರ್ ಒಮ್ಮೆ ಅನ್ನ ಮಾಡಲು ಸುಮಾರು 150ರಿಂದ 180 ವ್ಯಾಟ್-ಗಂಟೆಯನ್ನೂ, ಅನ್ನವನ್ನು ಬಿಸಿಯಾಗಿಡಲು ಗಂಟೆಗೆ ಸುಮಾರು 15ರಿಂದ 20 ವ್ಯಾಟ್-ಗಂಟೆಯನ್ನೂ ಬಳಸುತ್ತದೆ. ಹತ್ತು ಗಂಟೆ ಬಿಸಿಯಾಗಿಟ್ಟರೆ ಇನ್ನೊಮ್ಮೆ ಅನ್ನ ಮಾಡಿದಷ್ಟೇ ಖರ್ಚು. ಆದ್ದರಿಂದ ವಿದ್ಯುತ್ತು ಉಳಿಸಬೇಕೆನ್ನುವವರು ಕುಕ್ಕರನ್ನು ಬದಲಿಸುವ ಮೊದಲು ಅದರ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಲಿ, ಊಟವಾದೊಡನೆ ಪ್ಲಗ್ಗನ್ನು ಕೀಳಲಿ.