ಬೆಟ್ಟ, ಕಣಿವೆ, ಗಣಿ: ಜರ್ಮನಿಯ ಮೂರು ಶಿಲಾತಾಣಗಳು

ಜರ್ಮನಿ ಎಂದೊಡನೆ ನಮ್ಮಲ್ಲಿ ಬಹುಮಂದಿಯ ನೆನಪಿಗೆ ಬರುವುದು ಯಂತ್ರಗಳು, ಕಾರ್ಖಾನೆಗಳು, ಎರಡು ಮಹಾಯುದ್ಧಗಳು. ಆದರೆ ಆ ದೇಶದ ಹಳ್ಳಿಗಾಡಿನ ಕಾಲುದಾರಿಗಳಲ್ಲಿ ನಡೆದುಹೋಗುವವನಿಗೆ ಬೇರೊಂದು ಇತಿಹಾಸ ಎದುರಾಗುತ್ತದೆ. ಅದು ಅರಸರ ಇತಿಹಾಸವಲ್ಲ, ಸೇನಾಪತಿಗಳದೂ ಅಲ್ಲ. ಬೆಟ್ಟದ ಕಲ್ಲನ್ನು ಮನೆಗೂ ಗುಡಿಗೂ ಕುಲುಮೆಗೂ ಬಳಸಿಕೊಂಡ ಜನರು, ಆ ಕಲ್ಲನ್ನು ಇದ್ದಲ್ಲಿಯೇ ಬಿಡಬೇಕೆಂಬುದನ್ನು ನಿಧಾನವಾಗಿ ಕಲಿತುಕೊಂಡ ಇತಿಹಾಸ ಅದು. ಆ ಪಾಠವನ್ನು ಅವರು ಸುಲಭವಾಗಿ ಕಲಿಯಲಿಲ್ಲ. ಒಂದೆಡೆ ಗೆದ್ದರು, ಒಂದೆಡೆ ಸೋತರು, ಇನ್ನೊಂದೆಡೆ ಸೋಲಿನ ಅಂಚಿನಲ್ಲಿ ಉಳಿದುಕೊಂಡರು. ಆ ಮೂರು ಎಡೆಗಳಿಗೆ ಇಂದು ನಿಮ್ಮನ್ನು ಕರೆದೊಯ್ಯುತ್ತೇನೆ.

ಮೊದಲನೆಯದು ಬೆಟ್ಟ. ಬಾನ್ ನಗರದ ಸಮೀಪದಲ್ಲಿ, ರೈನ್ ನದಿಯ ಬಲದಂಡೆಯ ಮೇಲೆ ‘ಏಳು ಬೆಟ್ಟಗಳ ಸಾಲು’ ಎಂದು ಹೆಸರಾದ ಗಿರಿಶ್ರೇಣಿಯುಂಟು. ಹೆಸರಿನಲ್ಲಿ ಏಳು, ಎಣಿಸಿದರೆ ನಲವತ್ತಕ್ಕೂ ಹೆಚ್ಚು. ನದಿಗೆ ತೀರ ಹತ್ತಿರವಾಗಿ ನಿಂತಿರುವುದು ಡ್ರಾಖೆನ್‌ಫೆಲ್ಸ್, ಎಂದರೆ ಘಟಸರ್ಪದ ಬಂಡೆ. ಸೀಗ್‌ಫ್ರೀಡ್ ಎಂಬ ವೀರನು ಘಟಸರ್ಪವನ್ನು ಕೊಂದದ್ದು ಇಲ್ಲಿಯೇ ಎಂದು ಆ ಸೀಮೆಯವರು ಕಥೆ ಹೇಳುತ್ತಾರೆ. ಬೆಟ್ಟದ ಎತ್ತರ ೩೨೧ ಮೀಟರ್ ಮಾತ್ರ. ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನ ಕರಗಿದ ಶಿಲೆಯು ಮೇಲಕ್ಕೇರಿ, ಜ್ವಾಲಾಮುಖಿಯ ಬೂದಿಯ ಹಾಸಿನ ಅಡಿಯಲ್ಲಿ ಉಬ್ಬಿ, ಅಲ್ಲಿಯೇ ತಣ್ಣಗಾಯಿತು. ಮೇಲಿನ ಮೆತ್ತನೆಯ ಬೂದಿ ಮಳೆಗಾಳಿಗೆ ಸವೆದುಹೋಗಿ ಗಟ್ಟಿಯಾದ ಬಂಡೆ ಹೊರಬಿದ್ದಿತು. ಈ ಕಲ್ಲಿಗೆ ಟ್ರ್ಯಾಕೈಟ್ ಎಂದು ಹೆಸರು. ಬೂದುಬಣ್ಣದ ಒಡಲಲ್ಲಿ ಬೆರಳುದ್ದದ ಬಿಳಿಯ ಹರಳುಗಳು ಹುದುಗಿರುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು.

ಒಳ್ಳೆಯ ಕಲ್ಲು, ಪಕ್ಕದಲ್ಲಿಯೇ ದೋಣಿ ಸಾಗುವ ನದಿ. ಇನ್ನೇನು ಬೇಕು? ರೋಮನರ ಕಾಲದಿಂದಲೇ ಇಲ್ಲಿ ಕಲ್ಲು ತೆಗೆಯುತ್ತಿದ್ದರು. ೧೨೪೮ರಲ್ಲಿ ಕಲೋನ್ ನಗರದ ಮಹಾ ಇಗರ್ಜಿಗೆ ಅಸ್ತಿಭಾರ ಹಾಕಿದಾಗ ಅದರ ಗೋಡೆಗಳಿಗೆ ಹೋದದ್ದು ಈ ಬೆಟ್ಟದ ಕಲ್ಲೇ. ಹದಿನಾರನೆಯ ಶತಮಾನದಲ್ಲಿ ಇಗರ್ಜಿಯ ಕೆಲಸ ಅರ್ಧಕ್ಕೆ ನಿಂತಿತು. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಬೆಟ್ಟದ ತಲೆಯ ಮೇಲಿದ್ದ ಕೋಟೆ ಹಾಳುಬಿದ್ದಿತು. ಮುಂದೆ ಇಂಗ್ಲಿಷ್ ಕವಿ ಬೈರನ್ ೧೮೧೬ರಲ್ಲಿ ಈ ದಾರಿಯಲ್ಲಿ ಬಂದು ಆ ಬಂಡೆಯನ್ನೂ ಆ ಹಾಳುಕೋಟೆಯನ್ನೂ ತನ್ನ ಕಾವ್ಯದಲ್ಲಿ ಹಾಡಿದನು. ಯುರೋಪಿನ ನಾನಾ ದೇಶಗಳಿಂದ ಪ್ರವಾಸಿಗರು ಬರತೊಡಗಿದರು.

ಅದೇ ಹೊತ್ತಿಗೆ, ೧೮೨೭ರಲ್ಲಿ, ತಪ್ಪಲಿನ ಕೋನಿಗ್ಸ್‌ವಿಂಟರ್ ಊರಿನ ಕಲ್ಲುಕುಟಿಗರು ಒಟ್ಟುಗೂಡಿ ಬೆಟ್ಟದ ತುದಿಯನ್ನೇ ಕೊಂಡುಕೊಂಡರು. ಉಳಿ ಸುತ್ತಿಗೆಗಳು ಕೋಟೆಯ ಬುಡದಲ್ಲಿಯೇ ಕೆಲಸ ಆರಂಭಿಸಿದವು. ಮರುವರ್ಷ ಕೋಟೆಯ ಗೋಡೆಯ ಭಾಗ ಕುಸಿದುಬಿದ್ದಿತು. ಜನರಲ್ಲಿ ಕೋಲಾಹಲವೆದ್ದಿತು, ಸರ್ಕಾರ ಕೆಲಸವನ್ನು ತಡೆಯಿತು. ಆದರೆ ಇಲ್ಲೊಂದು ಮಾತನ್ನು ನೀವು ಗಮನಿಸಬೇಕು. ಆ ಕಲ್ಲುಕುಟಿಗರು ಕಳ್ಳರಲ್ಲ. ತಮ್ಮ ಹಣ ಕೊಟ್ಟು ನ್ಯಾಯವಾಗಿ ಕೊಂಡ ನೆಲದಲ್ಲಿ ತಲೆತಲಾಂತರದ ಕಸುಬನ್ನು ಮಾಡುತ್ತಿದ್ದವರು. ಬೆಟ್ಟ ಚೆಲುವಾಗಿದೆ ಎಂದು ಮೆಚ್ಚುವ ಪ್ರವಾಸಿಗನಿಗೆ ಅದರಿಂದ ಅನ್ನ ಹುಟ್ಟಬೇಕಾಗಿರಲಿಲ್ಲ, ಅವರಿಗೆ ಹುಟ್ಟಬೇಕಾಗಿದ್ದಿತು. ಆದುದರಿಂದ ವ್ಯವಹಾರ ಬರಿಯ ಆಜ್ಞೆಯಿಂದ ಮುಗಿಯಲಿಲ್ಲ. ೧೮೩೬ರಲ್ಲಿ ಪ್ರಷ್ಯದ ಸರ್ಕಾರವು ಬೆಲೆ ಕೊಟ್ಟು ಬೆಟ್ಟದ ತುದಿಯನ್ನು ಕೊಂಡಿತು. ಜರ್ಮನಿಯಲ್ಲಿ ನಿಸರ್ಗರಕ್ಷಣೆಯ ಕಥೆ ಹೇಳುವವರು ಹೆಚ್ಚಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. ೧೮೪೨ರಲ್ಲಿ ಕಲೋನಿನ ಇಗರ್ಜಿಯ ಕೆಲಸ ಮತ್ತೆ ಮೊದಲಾದಾಗ ಬೇರೆ ಸೀಮೆಗಳ ಕಲ್ಲನ್ನು ತರಿಸಿಕೊಂಡರು. ೧೮೮೦ರಲ್ಲಿ ಕಟ್ಟಡ ಪೂರ್ಣವಾಯಿತು. ಬೆಟ್ಟವೂ ಉಳಿಯಿತು, ಇಗರ್ಜಿಯೂ ಮುಗಿಯಿತು. ಆದರೂ ಹಳೆಯ ಗಾಯ ಮಾಯಲಿಲ್ಲ. ಶತಮಾನಗಳ ಕಾಲ ಕೊರೆದು ಸಡಿಲವಾಗಿದ್ದ ಆ ತುದಿಯನ್ನು ೧೯೭೦ರ ದಶಕದಲ್ಲಿ ಉಕ್ಕಿನ ಸರಳು, ಕಾಂಕ್ರೀಟುಗಳಿಂದ ಬಿಗಿಯಬೇಕಾಯಿತು.

ಎರಡನೆಯದು ಕಣಿವೆ. ರೈನ್ ನದಿಯ ಜೊತೆಯಲ್ಲಿಯೇ ಉತ್ತರಕ್ಕೆ ಇಳಿದು ಡ್ಯೂಸೆಲ್‌ಡಾರ್ಫ್ ನಗರಕ್ಕೆ ಬನ್ನಿ. ಅಲ್ಲಿಂದ ಪೂರ್ವಕ್ಕೆ ಡ್ಯೂಸೆಲ್ ಎಂಬ ಸಣ್ಣ ಹೊಳೆಯು ಸುಣ್ಣಕಲ್ಲನ್ನು ಕೊರೆದು ಮಾಡಿದ ಕಮರಿಯೊಂದಿದ್ದಿತು. ಕಡಿದಾದ ಬಂಡೆಗಳು, ಗವಿಗಳು, ಜಲಪಾತಗಳು. ಹದಿನೇಳನೆಯ ಶತಮಾನದಲ್ಲಿ ಯೋಆಖಿಮ್ ನೆಯಾಂಡರ್ ಎಂಬ ಉಪಾಧ್ಯಾಯನು ಇಲ್ಲಿ ಅಡ್ಡಾಡುತ್ತಿದ್ದನು. ದೇವರ ಕೀರ್ತನೆಗಳನ್ನು ರಚಿಸಿದವನು. ಮುಂದೆ ಅವನ ಹೆಸರೇ ಕಣಿವೆಗೆ ನಿಂತು ಅದು ನೆಯಾಂಡರ್ತಾಲ್ ಆಯಿತು. ಡ್ಯೂಸೆಲ್‌ಡಾರ್ಫಿನ ಚಿತ್ರಕಾರರು ಈ ಕಮರಿಯನ್ನು ಹುಡುಕಿಕೊಂಡು ಬಂದು ಚಿತ್ರ ಬರೆಯುತ್ತಿದ್ದರು. ನಮಗೆ ಇಂದು ಉಳಿದಿರುವುದು ಆ ಚಿತ್ರಗಳೇ.

ಏಕೆಂದರೆ ಆ ಕಮರಿ ಈಗಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ರೈಲ್ವೆ, ಕಟ್ಟಡ, ಕಬ್ಬಿಣದ ಕುಲುಮೆಗಳು ಬೆಳೆದಂತೆ ಸುಣ್ಣಕಲ್ಲಿಗೆ ಬೇಡಿಕೆ ಬೆಳೆಯಿತು. ಸಿಡಿಮದ್ದು ಇಟ್ಟು ಬಂಡೆಗಳನ್ನು ಒಡೆದರು. ೧೮೫೬ರ ಆಗಸ್ಟಿನಲ್ಲಿ ಚಿಕ್ಕ ಗವಿಯೊಂದರ ಜೇಡಿಮಣ್ಣನ್ನು ತೆಗೆದು ಕೆಳಕ್ಕೆ ಎಸೆಯುತ್ತಿದ್ದಾಗ ಕೂಲಿಕಾರರಿಗೆ ಕೆಲವು ಎಲುಬುಗಳು ಸಿಕ್ಕಿದವು. ಕರಡಿಯದಿರಬೇಕೆಂದು ಗಣಿಯವರು ಭಾವಿಸಿದರು. ಸಮೀಪದ ಎಲ್ಬರ್‌ಫೆಲ್ಡ್ ಊರಿನ ಉಪಾಧ್ಯಾಯ ಯೋಹಾನ್ ಕಾರ್ಲ್ ಫುಲ್‌ರಾಟ್ ಅವನ್ನು ನೋಡಿ, ಇವು ಕರಡಿಯವಲ್ಲ, ಮನುಷ್ಯನವು. ಆದರೆ ನಮ್ಮಂಥ ಮನುಷ್ಯನವಲ್ಲ ಎಂದು ಗುರುತಿಸಿದನು. ಡಾರ್ವಿನ್ನನ ಗ್ರಂಥ ಹೊರಬರುವುದಕ್ಕೆ ಇನ್ನೂ ಮೂರು ವರ್ಷವಿದ್ದಿತು. ಬಾನಿನ ಪ್ರೊಫೆಸರ್ ಷಾಫ್‌ಹೌಸನ್ ಅವನ ಪಕ್ಷ ವಹಿಸಿದನು. ದೊಡ್ಡ ವೈದ್ಯವಿಜ್ಞಾನಿ ಫಿರ್ಖೋ ಮಾತ್ರ, ಇದು ರೋಗದಿಂದ ವಿಕಾರಗೊಂಡ ಎಲುಬು ಎಂದು ತಳ್ಳಿಹಾಕಿದನು. ಕೊನೆಗೆ ಕಾಲವು ಶಾಲೆಯ ಮೇಷ್ಟರ ಮಾತನ್ನೇ ಎತ್ತಿಹಿಡಿಯಿತು. ಆ ಎಲುಬುಗಳು ಸುಮಾರು ೪೦ ಸಾವಿರ ವರ್ಷಗಳ ಹಿಂದಿನ, ನಮ್ಮಿಂದ ಬೇರೆಯಾದ ಒಂದು ಮಾನವಕುಲದವು.

ಇದರಲ್ಲಿರುವ ವಿಚಿತ್ರವನ್ನು ನೋಡಿ. ಗುದ್ದಲಿ ಬೀಳದಿದ್ದರೆ ಆ ಎಲುಬುಗಳು ಬಹುಶಃ ಸಿಕ್ಕುತ್ತಲೇ ಇರಲಿಲ್ಲ. ಸಿಕ್ಕಿದ ಮೇಲಾದರೂ ಗುದ್ದಲಿ ನಿಲ್ಲಲಿಲ್ಲ. ಪಂಡಿತರು ಎಲುಬಿನ ಬಗೆಗೆ ವಾದಿಸುತ್ತಿದ್ದಾಗಲೇ ಗವಿ ಹೋಯಿತು, ಬಂಡೆಯೂ ಹೋಯಿತು, ಗವಿ ಇದ್ದುದು ಎಲ್ಲಿ ಎಂಬುದೂ ಮರೆತುಹೋಯಿತು. ೧೯೨೧ರಲ್ಲಿ ಕಣಿವೆಯನ್ನು ರಕ್ಷಿತ ಪ್ರದೇಶವೆಂದು ಸಾರಿದಾಗ ಕಳೆದುಹೋದುದನ್ನು ತರುವಂತಿರಲಿಲ್ಲ. ೧೯೯೭ರಲ್ಲಿ ರಾಲ್ಫ್ ಷ್ಮಿಟ್ಸ್, ಯೂರ್ಗೆನ್ ಥಿಸ್ಸೆನ್ ಎಂಬ ಇಬ್ಬರು ಪುರಾತತ್ತ್ವಜ್ಞರು ಹಳೆಯ ಕಾಗದಪತ್ರಗಳ ಜಾಡು ಹಿಡಿದು, ಆ ಕೂಲಿಕಾರರು ಎಸೆದಿದ್ದ ಮಣ್ಣನ್ನೇ ಪತ್ತೆಮಾಡಿದರು. ಅದರಲ್ಲಿ ಮತ್ತಷ್ಟು ಎಲುಬಿನ ಚೂರುಗಳು ದೊರೆತವು. ಒಂದು ಚೂರು ೧೮೫೬ರಲ್ಲಿ ಸಿಕ್ಕಿದ್ದ ತೊಡೆಯೆಲುಬಿಗೆ ಸರಿಯಾಗಿ ಹೊಂದಿಕೊಂಡಿತು! ನೂರನಲವತ್ತು ವರ್ಷ ಬಿಟ್ಟುಹೋಗಿದ್ದ ತುಂಡು ತನ್ನ ಎಲುಬನ್ನು ಸೇರಿತು. ಇದೂ ಹಾಗಿರಲಿ. ಆಫ್ರಿಕದ ಹೊರಗಿನ ಜನರ ರಕ್ತದಲ್ಲಿ ಆ ಮಾನವಕುಲದ ಅಂಶ ಸ್ವಲ್ಪಮಟ್ಟಿಗೆ ಉಳಿದಿದೆ ಎಂದು ೨೦೧೦ರ ಸಂಶೋಧನೆ ತೋರಿಸಿತು. ನೀವೂ ನಾನೂ ಆ ಲೆಕ್ಕದಲ್ಲಿ ಸೇರಿದವರೇ. ಆ ಗವಿಯಲ್ಲಿದ್ದವನು ಅಷ್ಟೇನೂ ಹೊರಗಿನವನಲ್ಲ.

ಇಂದು ಆ ಕಣಿವೆಗೆ ಹೋದರೆ ನಿಮಗೆ ಒಂದು ಗೋಪುರ ಕಾಣುತ್ತದೆ. ೨೦೨೨ರಲ್ಲಿ ಕಟ್ಟಿದ್ದು. ಹತ್ತಿ ನಿಂತರೆ ಗವಿ ಒಂದು ಕಾಲಕ್ಕೆ ಇದ್ದ ಎತ್ತರಕ್ಕೆ ಬರುತ್ತೀರಿ. ನೋಡುವುದಕ್ಕೆ ಎದುರಿಗೆ ಬಂಡೆಯಿಲ್ಲ, ಬರಿಯ ಗಾಳಿ.

ಮೂರನೆಯ ಎಡೆಗೆ ಹೋಗುವ ಮುನ್ನ ಒಬ್ಬನ ಹೆಸರನ್ನು ಹೇಳಬೇಕು. ಹ್ಯೂಗೋ ಕಾನ್‌ವೆಂಟ್ಸ್ ಎಂಬ ಸಸ್ಯಶಾಸ್ತ್ರಜ್ಞನು ೧೯೦೪ರಲ್ಲಿ ಪ್ರಷ್ಯದ ಸರ್ಕಾರಕ್ಕೆ ಒಂದು ಮನವಿ ಬರೆದನು. ಹಳೆಯ ಮರ, ಅಪೂರ್ವವಾದ ಬಂಡೆ, ಕೆರೆ, ಜೌಗು ಇವು ‘ನಿಸರ್ಗದ ಸ್ಮಾರಕ’ಗಳು, ಕೋಟೆ ಗುಡಿಗಳಂತೆ ಇವನ್ನೂ ಪಟ್ಟಿಮಾಡಿ ಕಾಪಾಡಬೇಕು ಎಂಬುದು ಅವನ ವಾದ. ೧೯೦೬ರಲ್ಲಿ ಅವನ ಮೇಲ್ವಿಚಾರಣೆಯಲ್ಲಿ ಅದಕ್ಕೆಂದೇ ಒಂದು ಸರ್ಕಾರಿ ಕಚೇರಿ ಡಾನ್ಸಿಗ್ ನಗರದಲ್ಲಿ ಏರ್ಪಟ್ಟಿತು. ಘಟಸರ್ಪದ ಬಂಡೆಯನ್ನು ಉಳಿಸಿದ್ದು ಕಥೆ, ಕಾವ್ಯ, ಹಾಳುಕೋಟೆ. ಕಾನ್‌ವೆಂಟ್ಸನು ಕೇಳಿದ್ದು ಅದಕ್ಕಿಂತ ಹೆಚ್ಚಿನದು: ಕಥೆಯಿಲ್ಲದ ಕಲ್ಲನ್ನೂ ಉಳಿಸಬೇಕು.

ಕಥೆಯೂ ಇಲ್ಲದ, ಚೆಲುವೂ ಇಲ್ಲದ ಎಡೆಯೇ ಮೂರನೆಯದು. ದಕ್ಷಿಣಕ್ಕೆ, ಹೆಸ್ಸೆ ಪ್ರಾಂತದ ಡಾರ್ಮ್‌ಷ್ಟಾಟ್ ನಗರದ ಬಳಿ, ಮೆಸೆಲ್ ಎಂಬ ಹಳ್ಳಿ. ಅಲ್ಲಿರುವುದು ಸುಮಾರು ೬೦ ಮೀಟರ್ ಆಳದ ಒಂದು ಗಣಿಗುಂಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ೧೯೭೧ರವರೆಗೆ ಇಲ್ಲಿ ಎಣ್ಣೆಯಂಶವುಳ್ಳ ಕಪ್ಪು ಪದರಗಲ್ಲನ್ನು ಅಗೆಯುತ್ತಿದ್ದರು. ೪ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ ಭೂಗರ್ಭದ ಬಿಸಿಶಿಲೆಯು ಅಂತರ್ಜಲಕ್ಕೆ ತಾಗಿ ಸ್ಫೋಟವಾಗಿ, ಆಳವಾದ ಕುಳಿಯೊಂದು ಬಿದ್ದು, ನೀರು ತುಂಬಿ ಸರೋವರವಾಯಿತು. ೨೦೦೧ರಲ್ಲಿ ೪೦೦ ಮೀಟರಿಗೂ ಮೀರಿ ಬೈರಿಗೆ ಇಳಿಸಿ ಇದನ್ನು ಖಚಿತಪಡಿಸಿಕೊಂಡರು. ಸರೋವರದ ತಳದ ನೀರಿನಲ್ಲಿ ಪ್ರಾಣವಾಯುವಿರಲಿಲ್ಲ. ವರ್ಷಕ್ಕೆ ಒಂದು ಕೂದಲೆಳೆಯ ದಪ್ಪದಷ್ಟು ಕೆಸರು ಮೇಲೆ ಮೇಲೆ ಕುಳಿತಿತು. ಬಿದ್ದ ಜೀವಿ ಕೊಳೆಯಲಿಲ್ಲ, ಹಾಗೆಯೇ ಅಚ್ಚಾಯಿತು. ನಾಯಿಯಷ್ಟೇ ಎತ್ತರದ ಕುದುರೆಗಳು, ಗರ್ಭದಲ್ಲಿ ಮರಿಯನ್ನು ಹೊತ್ತ ಹೆಣ್ಣು ಕುದುರೆ, ಹೊಟ್ಟೆಯಲ್ಲಿ ಕೊನೆಯ ಊಟವಿರುವ ಬಾವಲಿ, ಇಂದಿಗೂ ಹಸಿರು ನೀಲಿಯಾಗಿ ಮಿರುಗುವ ಜೀರುಂಡೆ. ಇಷ್ಟೂ ಆ ಕಪ್ಪುಕಲ್ಲಿನ ಹಾಳೆಗಳ ನಡುವೆ ಸಿಕ್ಕಿವೆ. ಆ ಕಲ್ಲಿನಲ್ಲಿ ನೂರಕ್ಕೆ ನಲವತ್ತು ಪಾಲು ನೀರು. ಒಣಗಿದರೆ ಬಿರಿದು ಪುಡಿಯಾಗುತ್ತದೆ. ಆದುದರಿಂದ ಸಿಕ್ಕ ಅವಶೇಷವನ್ನು ಒದ್ದೆಯಾಗಿಯೇ ಇಟ್ಟುಕೊಂಡು, ಮೆಲ್ಲನೆ ಕೃತಕ ರಾಳದ ಹಲಗೆಗೆ ವರ್ಗಾಯಿಸುತ್ತಾರೆ.

ಇಂಥ ಗುಂಡಿಗೆ ೧೯೭೦ರ ದಶಕದಲ್ಲಿ ಯೋಚಿಸಿದ ಉಪಯೋಗ ಯಾವುದು ಗೊತ್ತೆ? ಕಸ ತುಂಬುವುದು. ಊರುಗಳು ಬೆಳೆದಿದ್ದವು, ಕಸ ಹಾಕಲು ತಾಣ ಬೇಕಾಗಿದ್ದಿತು, ಗುಂಡಿ ಸಿದ್ಧವಾಗಿದ್ದಿತು. ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಕಸವನ್ನು ಎಲ್ಲಿಯಾದರೂ ಹಾಕಲೇಬೇಕಲ್ಲವೆ? ಆದರೆ ಹಳ್ಳಿಯ ನಿವಾಸಿಗಳೂ ವಿಜ್ಞಾನಿಗಳೂ ಜೊತೆಗೂಡಿ ಪ್ರತಿಭಟಿಸಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸುಮಾರು ಇಪ್ಪತ್ತು ವರ್ಷ ಜಗ್ಗಾಟ ನಡೆಯಿತು. ೧೯೯೧ರಲ್ಲಿ ಹೆಸ್ಸೆ ಸರ್ಕಾರವು ಗುಂಡಿಯನ್ನು ಕೊಂಡಿತು. ೧೯೯೫ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ವಿಶ್ವದ ನಿಸರ್ಗ ಪರಂಪರೆಯ ಪಟ್ಟಿಗೆ ಸೇರಿಸಿತು. ಜರ್ಮನಿಯಿಂದ ಆ ಪಟ್ಟಿಯನ್ನು ಸೇರಿದ ಮೊದಲನೆಯ ನಿಸರ್ಗತಾಣ ಹಿಮವತ್ಪರ್ವತವೂ ಅಲ್ಲ, ಘೋರಾರಣ್ಯವೂ ಅಲ್ಲ. ಕಸಕ್ಕೆಂದು ಗೊತ್ತುಮಾಡಿದ್ದ ಒಂದು ಗುಂಡಿ.

ಮೂರನ್ನೂ ಒಟ್ಟಿಗೆ ನೆನೆದುಕೊಳ್ಳಿ. ಮೂರು ಎಡೆಗಳಲ್ಲಿಯೂ ದುಷ್ಟರು ಯಾರೂ ಇರಲಿಲ್ಲ. ಕಲ್ಲು ಬೇಕಾಗಿದ್ದಿತು, ಸುಣ್ಣ ಬೇಕಾಗಿದ್ದಿತು, ಎಣ್ಣೆ ಬೇಕಾಗಿದ್ದಿತು. ಗುದ್ದಲಿ ಬಿದ್ದುದರಿಂದಲೇ ಎರಡು ಕಡೆ ಭೂಮಿ ತನ್ನ ಗುಟ್ಟನ್ನು ಬಿಟ್ಟುಕೊಟ್ಟಿತು. ಪ್ರಶ್ನೆ ಗುದ್ದಲಿ ಹಿಡಿಯಬೇಕೆ ಬೇಡವೆ ಎಂಬುದಲ್ಲ. ಅದನ್ನು ಯಾವಾಗ ಕೆಳಗಿಡಬೇಕು ಎಂಬುದು. ಬೆಟ್ಟದಲ್ಲಿ ಬೆಲೆ ಕೊಟ್ಟು ಕೆಳಗಿಡಿಸಿದರು. ಕಣಿವೆಯಲ್ಲಿ ಕೇಳುವವರೇ ಇರಲಿಲ್ಲ. ಮೆಸೆಲ್ಲಿನಲ್ಲಿ ಹಳ್ಳಿಯವರು ಹಟ ಹಿಡಿದು ಕೇಳಿದರು.

ಮುಂದೆಂದಾದರೂ ಆ ದೇಶಕ್ಕೆ ಹೋಗುವ ಯೋಗ ನಿಮಗಾಗಲಿ, ನಿಮ್ಮ ಮಕ್ಕಳಿಗಾಗಲಿ ಬಂದರೆ, ಕಲೋನಿನ ಇಗರ್ಜಿಯನ್ನು ನೋಡಿದ ಮೇಲೆ ಅರ್ಧ ದಿನ ಬಿಡುವು ಮಾಡಿಕೊಂಡು ಆ ಬೆಟ್ಟವನ್ನು ಹತ್ತಿ. ೧೮೮೩ರಿಂದ ಹಲ್ಲುಗಾಲಿಯ ಪುಟ್ಟ ರೈಲೂ ಮೇಲಕ್ಕೆ ಹೋಗುತ್ತದೆ. ತುದಿಯಲ್ಲಿ ನಿಂತಾಗ ಕೆಳಗೆ ನದಿ, ಬೆನ್ನಿಗೆ ಹಾಳುಕೋಟೆ. ಪಕ್ಕದ ಬಂಡೆಯ ಮೇಲೆ ಕೈಯಿಡಿ. ಇಗರ್ಜಿಯ ಹಳೆಯ ಗೋಡೆಯಲ್ಲಿ ನೀವು ಕಂಡ ಬಿಳಿಯ ಹರಳುಗಳೇ ಅಲ್ಲಿಯೂ ಕೈಗೆ ತಾಗುತ್ತವೆ.