ಬೇಟೆಯೂ ಸುವಾರ್ತೆಯೂ

ಅರಕಲಗೂಡು ಸೀಮೆಯ ರುದ್ರಪಟ್ಟಣವು ಕಾವೇರೀತೀರದ ಗ್ರಾಮಗಳಲ್ಲಿ ಹೆಸರಾದುದು. ಸಂಕೇತಿಗಳ ವೇದಾಧ್ಯಯನಕ್ಕೂ, ಅದಕ್ಕಿಂತ ಮಿಗಿಲಾಗಿ ಸಂಗೀತವಿದ್ಯೆಗೂ ಅದು ನೆಲೆ. ಅದರ ನೆರೆಯ ರಾಮನಾಥಪುರದಲ್ಲಿ ನದಿಯ ಮಡುವೊಂದಕ್ಕೆ ವಹ್ನಿಪುಷ್ಕರಿಣಿಯೆಂದು ಹೆಸರು. ಅಲ್ಲಿಯ ಮೀನುಗಳು ದೇವರ ಮೀನುಗಳು. ಯಾತ್ರಿಕರು ಪುರಿಯನ್ನು ಚೆಲ್ಲುವರು, ಮೀನುಗಳು ಅಂಜದೆ ಮೇಲೆ ಬಂದು ತಿನ್ನುವುವು, ಗಾಳ ಹಾಕುವವರಿಲ್ಲ. ಆದರೆ ಆ ನೀರು ಇಲ್ಲಿಗೆ ಬರುವ ಮೊದಲು ಹಾದುಬರುವ ನಾಡಿನ ನಡೆ ಬೇರೆ. ಎರಡು ಮೂರು ದಿನದ ಕಾಲ್ನಡಿಗೆಯಷ್ಟು ಪಶ್ಚಿಮಕ್ಕೆ ಹೋದರೆ ಕೊಡಗು. ಅಲ್ಲಿ ಗಂಡುಮಗು ಹುಟ್ಟಿದ ಸುದ್ದಿಯನ್ನು ಕೋವಿಯ ಸದ್ದೇ ಊರಿಗೆ ಸಾರುವುದು. ಹರಳುಗಿಡದ ದಂಟಿನಿಂದ ಮಾಡಿದ ಪುಟ್ಟ ಬಿಲ್ಲನ್ನೂ ಬಾಣವನ್ನೂ ಶಿಶುವಿನ ಕೈಗೆ ಮುಟ್ಟಿಸುವರು. ಒಂದೇ ನದಿಯ ಎರಡು ದಡೆಗಳಲ್ಲಲ್ಲ, ಒಂದೇ ನದಿಯ ಮೇಲು ಕೆಳಗಿನಲ್ಲಿ ಇಂತಹ ಎರಡು ಆಚಾರಗಳು ಬೆಳೆದುವು. ಕ್ರಿ. ಶ. 19ನೆಯ ಶತಮಾನದ ಮಧ್ಯದಲ್ಲಿ ಇವೆರಡಕ್ಕೂ ಸೇರದ ಮೂರನೆಯದೊಂದು ಮೇಲಿನ ನಾಡಿಗೆ ಬಂದಿತು. ಅದು ಜರ್ಮನ್ ಪಾದ್ರಿಗಳು ತಂದ ಸುವಾರ್ತೆ.

ಬೇಟೆಯ ವಿಷಯದಲ್ಲಿ ನಮ್ಮ ಗ್ರಂಥಗಳ ಮಾತು ಒಂದೇ ಬಗೆಯದಲ್ಲ. ಕಾಮದಿಂದ ಹುಟ್ಟುವ ಹತ್ತು ರಾಜವ್ಯಸನಗಳನ್ನು ಎಣಿಸುವಾಗ ಮನುವು ಮೊದಲು ಹೆಸರಿಸುವುದು ಮೃಗಯೆಯನ್ನು. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಬಾಣವನ್ನು ಆಶ್ರಮದವರು ತಡೆಯುವರು. ಮುಂದಿನ ಅಂಕದಲ್ಲಿಯೇ ಸೇನಾಪತಿಯು ಬೇಟೆಯಿಂದ ಮೈ ಹಗುರವಾಗುವುದನ್ನು ಕೊಂಡಾಡುವನು, ವಿದೂಷಕನು ಅದನ್ನೇ ಶಪಿಸುವನು. ಇನ್ನು ಬೇಡರ ಕಣ್ಣಪ್ಪನ ಕಥೆಯನ್ನು ಅರಿಯದ ಮನೆ ಕನ್ನಡನಾಡಿನಲ್ಲಿಲ್ಲ. ಬೇಟೆಯ ಮಾಂಸವನ್ನು ಶಿವನಿಗೆ ನೈವೇದ್ಯ ಮಾಡಿದವನು ಅವನು. ಶಿವನು ಅವನ ಬಿಲ್ಲನ್ನು ಇಡಿಸಿ ಬಳಿಕ ಅನುಗ್ರಹಿಸಲಿಲ್ಲ, ಬಿಲ್ಲು ಹಿಡಿದವನನ್ನೇ ಅನುಗ್ರಹಿಸಿದನು. ಈ ಕಥೆಯನ್ನು ಮುಂದೆ ಮತ್ತೊಮ್ಮೆ ನೆನೆಯಬೇಕಾಗುವುದು.

ಸುವಾರ್ತಾಪಂಥದವರ ಸ್ವದೇಶದಲ್ಲಿಯೂ ಬೇಟೆಯು ತೀರದ ವ್ಯಾಜ್ಯವಾಗಿದ್ದಿತು. ಇಂಗ್ಲೆಂಡಿನಲ್ಲಿ ಜಮೀನುದಾರರು ನಾಯಿಗಳ ಹಿಂಡಿನೊಡನೆ ಕುದುರೆಯೇರಿ ನರಿಯನ್ನು ಅಟ್ಟುವುದು ದೊಡ್ಡಸ್ತಿಕೆಯ ಗುರುತು. ಅನೇಕ ಚರ್ಚುಗಳ ಪಾದ್ರಿಗಳೂ ಅವರೊಡನೆ ಸವಾರಿ ಹೊರಡುತ್ತಿದ್ದರು. ಭಕ್ತಿಯ ಪುನರುಜ್ಜೀವನವನ್ನು ಬಯಸಿದ ಸುವಾರ್ತಾಪಂಥದವರಿಗೆ ಇದು ಸಹಿಸಲಿಲ್ಲ. ಜಾನ್ ವೆಸ್ಲಿಯು 1781ರ ಪ್ರಸಂಗವೊಂದರಲ್ಲಿ ಮೂಕಪ್ರಾಣಿಗಳಿಗೂ ಕೊನೆಗೆ ಬಿಡುಗಡೆಯುಂಟೆಂದು ಸಾರಿದನು. ಅದೇ ಪಂಥದ ಕವಿ ಕೂಪರನು 1785ರಲ್ಲಿ ಪ್ರಕಟಿಸಿದ ತನ್ನ ದೀರ್ಘಕಾವ್ಯದಲ್ಲಿ ಪರರ ನೋವಿನಿಂದ ಸುಖಪಡುವ ಬೇಟೆಯ ವಿನೋದವನ್ನು ಖಂಡಿಸಿದನು. ಪ್ರಾಣಿಹಿಂಸೆಯನ್ನು ತಡೆಯುವ ಸಂಘವು 1824ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಪಾದ್ರಿ ಆರ್ಥರ್ ಬ್ರೂಮನೂ, ಗುಲಾಮಗಿರಿಯ ವೈರಿ ವಿಲ್ಬರ್‌ಫೋರ್ಸನೂ ಇದ್ದರು. 1835ರ ಶಾಸನವು ಗೂಳಿಯ ಮೇಲೆ ನಾಯಿ ಬಿಡುವುದನ್ನೂ ಕೋಳಿಯಂಕವನ್ನೂ ನಿಲ್ಲಿಸಿತು. ಆದರೆ ಇವು ಬಡವರ ವಿನೋದಗಳೆಂಬುದನ್ನು ವಾಚಕರು ಗಮನಿಸಬೇಕು. ದೊರೆಗಳ ನರಿಬೇಟೆಗೆ ಕಾಯಿದೆಯ ತಡೆ ಬಂದುದು 2004ರಲ್ಲಿ! ಧರ್ಮೋಪದೇಶವು ಕೋವಿಯಿಲ್ಲದವರ ಮನೆಗೆ ಬೇಗ ತಲಪುವುದು ಅಲ್ಲಿಯೂ ಕಂಡ ಸಂಗತಿ.

ಬಾಸೆಲ್ ಮಿಷನ್ ಎಂಬ ಸಂಸ್ಥೆಯು 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾಯಿತು. ಅದರ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ವರ್ಷ ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕಂಪೆನಿಯ ಆಳಿಕೆ ಅಲ್ಲಿ ಮೊದಲಾಯಿತು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗನನ್ನು ಕನ್ನಡಿಗರು ಮರೆಯಲಾರರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ವೃತ್ತಪತ್ರಿಕೆಯನ್ನು ಕೊಟ್ಟವನು ಅವನು. ಪ್ರಾಚೀನ ಕನ್ನಡ ಗ್ರಂಥಗಳನ್ನು ಮಾಲೆಯಾಗಿ ಕಲ್ಲಚ್ಚಿನಲ್ಲಿ ಮುದ್ರಿಸಿದವನೂ ಅವನೇ. ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ ಮೊದಲಾದುವು ಅದರಲ್ಲಿ ಬೆಳಕು ಕಂಡುವು. ಬಸವಪುರಾಣದಲ್ಲಿ ಕಣ್ಣಪ್ಪನ ಕಥೆಯುಂಟು. ಬೇಡನನ್ನು ಬೇಡನಾಗಿಯೇ ಒಪ್ಪಿಕೊಂಡ ದೇವರ ಕಥೆಯನ್ನು ಅಚ್ಚುಹಾಕಿಸಿದ ಕೈಯೇ ಮುಂದೆ ಬೇಟೆಗಾರರ ನಾಡಿಗೆ ಬೇರೊಂದು ಪುಸ್ತಕವನ್ನು ಹೊತ್ತೊಯ್ದಿತು.

ಮೋಗ್ಲಿಂಗನು ಸ್ವದೇಶಕ್ಕೆ ಹಿಂದಿರುಗುವ ಸನ್ನಾಹದಲ್ಲಿದ್ದಾಗ ಅಲಮಂಡ ಮನೆತನದ ಸೋಮಯ್ಯನೆಂಬ ಕೊಡವನು ಅವನ ಬಳಿಗೆ ಬಂದು ಕ್ರೈಸ್ತನಾಗಲು ಬಯಸಿದನು. ಪಾದ್ರಿಯು ಪ್ರಯಾಣವನ್ನು ಬಿಟ್ಟು 1853ರಲ್ಲಿ ಕೊಡಗಿಗೆ ಹೊರಟನು. ಸೋಮಯ್ಯನು ದೀಕ್ಷಾಸ್ನಾನ ಹೊಂದಿ ಸ್ತೆಫಾನನೆಂಬ ಹೆಸರು ಪಡೆದನು. ಹಿಂದಿನ ವರ್ಷವಷ್ಟೆ, 1852ರ ಜೂನ್ 30ರಂದು, ಪದಚ್ಯುತ ಅರಸನ ಮಗಳು ಗೌರಮ್ಮನು ಲಂಡನ್ನಿನ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯನ್ನೇ ಧರ್ಮಮಾತೆಯಾಗಿ ಪಡೆದು ಕ್ರೈಸ್ತಳಾಗಿದ್ದಳು. ಆನೆಬೇಟೆಗೆ ಹೆಸರಾದ ರಾಜವಂಶದ ಕುವರಿಯೊಬ್ಬಳು, ಐನ್‌ಮನೆಯ ಕೊಡವನೊಬ್ಬನು. ಇಷ್ಟನ್ನು ಕಂಡವರಿಗೆ ಇಡೀ ನಾಡೇ ಹಿಂಬಾಲಿಸುವುದೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಕೊಡವರು ಮಾಂಸ ತಿನ್ನುವವರು, ಮದ್ಯ ಸೇವಿಸುವವರು, ಮದುವೆ ಮೊದಲಾದ ಕಾರ್ಯಗಳನ್ನು ಪುರೋಹಿತರಿಲ್ಲದೆ ಹಿರಿಯರಿಂದಲೇ ನಡೆಸುವವರು. ಮಡಿ ಮೈಲಿಗೆಗಳ ಗೋಡೆ ಇಲ್ಲಿ ತಗ್ಗು. ಬಯಲುಸೀಮೆಯ ಅಗ್ರಹಾರಗಳಲ್ಲಿ ಮುಚ್ಚಿದ್ದ ಬಾಗಿಲು ಇಲ್ಲಿ ತೆರೆದಿದೆಯೆಂದು ಹೊರಗಿನವನು ಬಗೆಯುವುದು ಸಹಜ.

ಆದರೆ ಆ ಬಾಗಿಲಿಗೆ ಅಡ್ಡವಾಗಿ ಒಂದು ಕೋವಿ ಇದ್ದಿತು.

ಕೊಡವರ ಬೇಟೆಯು ವಿನೋದವಾಗಿ ತೋರಿದರೂ ವಿನೋದಮಾತ್ರವಲ್ಲ. ಭತ್ತದ ನಾಟಿಯ ಕೆಲಸ ತೀರುವವರೆಗೆ ಆಯುಧಗಳು ವಿಶ್ರಾಂತಿಯಲ್ಲಿರುವುವು. ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬರುವ ಕೈಲ್‌ಪೊಳ್ದಿನ ದಿನ ಒಡಿಕತ್ತಿ, ಪೀಚೆಕತ್ತಿ, ಕೋವಿಗಳನ್ನು ತೊಳೆದು, ಗಂಧವಿಟ್ಟು, ಐನ್‌ಮನೆಯಲ್ಲಿ ದೀಪದ ಮುಂದೆ ಸಾಲಾಗಿ ನಿಲ್ಲಿಸುವರು. ಆ ದಿನಗಳಲ್ಲಿ ಅರಳುವ ಕೆಂಪು ಹಳದಿಯ ಹೂವಿಗೆ ತೋಕ್‌ಪೂ, ಎಂದರೆ ಕೋವಿಹೂವೆಂದೇ ಹೆಸರು. ಅದರಿಂದ ಕೋವಿಯನ್ನು ಸಿಂಗರಿಸುವರು. ಪೂಜೆಯಾದ ಬಳಿಕ ಹಿರಿಯನ ಕೈಯಿಂದ ಆಯುಧವನ್ನು ಪಡೆದು ಬೇಟೆಗೆ ಹೊರಡುವರು. ಕೊಂದ ಮೃಗದಲ್ಲಿ ಹೊಡೆದವನಿಗೆ ವಿಶೇಷಭಾಗ, ಕೂಡಿದವರಿಗೆಲ್ಲ ಪಾಲು, ನಾಯಿಗೂ ಪಾಲು. ಕಾಡಿನಲ್ಲಿ ಅಯ್ಯಪ್ಪನೆಂಬ ಬೇಟೆಯ ದೇವರುಂಟು. ಅವನಿಗೆ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವರು. ಅವನ ದೇವರಕಾಡಿನಲ್ಲಿ ಬೇಟೆಯಾಡುವಂತಿಲ್ಲ, ಮರ ಕಡಿಯುವಂತಿಲ್ಲ. ಹುಲಿಯನ್ನು ಕೊಂದವನಿಗಂತೂ ನರಿಮಂಗಲವೆಂಬ ಸಂಸ್ಕಾರವೇ ಇದ್ದಿತು. ಕೊಡವರ ಮಾತಿನಲ್ಲಿ ನರಿಯೆಂದರೆ ಹುಲಿ. ವೀರನನ್ನು ಮದುಮಗನಂತೆ ಸಿಂಗರಿಸಿ ಚಪ್ಪರದಡಿಯಲ್ಲಿ ಕುಳ್ಳಿರಿಸುವರು. ಪಕ್ಕದಲ್ಲಿ ಬಿದಿರಿಗೆ ತೂಗುಹಾಕಿದ ಹುಲಿ. ನೆಂಟರಿಷ್ಟರು ಒಬ್ಬೊಬ್ಬರಾಗಿ ಬಂದು ಅಕ್ಕಿಯೆರಚಿ, ಗಿಂಡಿಯಿಂದ ಹಾಲು ಕುಡಿಸಿ, ಕಾಣಿಕೆ ಕೊಡುವರು. ಕೊಂದವನಿಗೂ ಸತ್ತ ಮೃಗಕ್ಕೂ ಮದುವೆ ಮಾಡಿದಂತೆ!

ಇಲ್ಲಿ ಪಾದ್ರಿಗೆ ಎದುರಾದ ತೊಡಕು ವಿಚಿತ್ರವಾದುದು. ಜೈನನಾಗಲಿ ಬ್ರಾಹ್ಮಣನಾಗಲಿ ಈ ಬೇಟೆಯಲ್ಲಿ ದೋಷ ಹುಡುಕಿದರೆ ಕೊಲ್ಲುವುದರಲ್ಲಿ ಹುಡುಕಬೇಕು. ಕ್ರೈಸ್ತಶಾಸ್ತ್ರದಲ್ಲಿ ಕೊಲ್ಲುವುದು ದೋಷವಲ್ಲ. ಪ್ರಳಯದ ಬಳಿಕ ನೋಹನಿಗೆ ಮಾಂಸಾಹಾರದ ಅನುಮತಿ ದೊರೆತುದನ್ನು ಅವರ ಆದಿಕಾಂಡವೇ ಹೇಳುವುದು. ನಿಮ್ರೋದನು ಅಲ್ಲಿ ಪರಾಕ್ರಮಿಯಾದ ಬೇಟೆಗಾರ. ದೋಷವಿರುವುದು ಕೋವಿಗೆ ಹೂ ಮುಡಿಸಿ ಕೈಮುಗಿಯುವುದರಲ್ಲಿ, ಕಾರಣರಿಗೆ ಮಾಂಸ ಮದ್ಯಗಳನ್ನು ಎಡೆಯಿಡುವುದರಲ್ಲಿ, ಅಯ್ಯಪ್ಪನಿಗೆ ಮಣ್ಣಿನ ನಾಯಿ ಕೊಡುವುದರಲ್ಲಿ. ಕ್ರೈಸ್ತನಾಗುವ ಕೊಡವನು ಕೋವಿಯನ್ನು ಬಿಡಬೇಕಾಗಿರಲಿಲ್ಲ, ಹೂವನ್ನು ಬಿಡಬೇಕಾಗಿದ್ದಿತು. ಆದರೆ ಹೂವನ್ನು ಬಿಟ್ಟ ಮೇಲೆ ಆ ಕೋವಿ ಅವನ ಒಕ್ಕದ ಕೋವಿಯಾಗಿ ಉಳಿಯುವುದೆ? ಜಮ್ಮಾ ಭೂಮಿಯು ಒಕ್ಕದ್ದು, ಅದರ ಹಂಗಿಗೆ ಪ್ರತಿಯಾಗಿ ಸಲ್ಲಿಸುವ ಸೈನಿಕಸೇವೆಯೂ ಒಕ್ಕದ್ದು, ಕೋವಿಯೂ ಒಕ್ಕದ್ದು. ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ಕೆಡದೆಂದು 1850ರ 21ನೆಯ ಶಾಸನವು ವಿಧಿಸಿದ್ದಿತು. ಗದ್ದೆಯ ಹಕ್ಕನ್ನು ಸರ್ಕಾರವು ಕೊಡಿಸಬಹುದು. ದೀಪದ ಮುಂದೆ ಹಿರಿಯನ ಕೈಯಿಂದ ಕೋವಿಯನ್ನು ಪಡೆಯುವ ಹಕ್ಕನ್ನು ಯಾವ ನ್ಯಾಯಾಸ್ಥಾನ ಕೊಡಿಸೀತು? ಸೋಮಯ್ಯನ ಹಿಂದೆ ಬಂದ ಕೊಡವರು ಬೆರಳೆಣಿಕೆಯಷ್ಟಾಗಿ ಉಳಿದುದಕ್ಕೆ ಇದಕ್ಕಿಂತ ಬಲವಾದ ಕಾರಣವನ್ನು ಹುಡುಕಬೇಕಾಗಿಲ್ಲ. ಮೋಗ್ಲಿಂಗನ ದೇವರು ಕಣ್ಣಪ್ಪನ ದೇವರಾಗಲಿಲ್ಲ.

ಸುವಾರ್ತೆಯನ್ನು ಕೇಳಿದವರು ಬೇರೆಯವರು. ಬೇಟೆಯ ವರ್ಣನೆಗಳಲ್ಲಿ ಕೋವಿ ಹಿಡಿದವನ ಹೆಸರು ಬರುವುದು. ಪೊದೆ ಬಡಿದು, ಕೂಗಿ, ಮೃಗವನ್ನು ಎಬ್ಬಿಸಿ ಅವನ ಮುಂದಕ್ಕೆ ಅಟ್ಟಿದವನ ಹೆಸರು ಬರುವುದು ಅಪೂರ್ವ. ಒಡೆಯರ ಗದ್ದೆಯಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದವರೂ, ಹಳೆಯ ದಾಖಲೆಗಳು ಪೊಲೆಯರೆಂದೂ ಎರವರೆಂದೂ ಕರೆಯುವವರೂ ಇಂತಹ ಹೆಸರಿಲ್ಲದವರು. ಅವರು ಭೂಮಿಯೊಡನೆ ಕೈ ಬದಲಾಗುತ್ತಿದ್ದ ಜೀತದಾಳುಗಳು. ದಾಸ್ಯವನ್ನು ನ್ಯಾಯಾಲಯಗಳು ಮಾನ್ಯಮಾಡಕೂಡದೆಂದು 1843ರ 5ನೆಯ ಶಾಸನವು ಹೇಳಿದ್ದರೂ ಕಾಡಿನ ನಡುವೆ ಆ ಮಾತು ಕೇಳಿಸಲು ಕಾಲ ಹಿಡಿಯಿತು. ಕೊಡವರಿಂದ ನಿರಾಶನಾದ ಮೋಗ್ಲಿಂಗನು ಕೊನೆಗೆ ಇವರಿಗಾಗಿ ಆನಂದಪುರವೆಂಬ ಊರನ್ನು ಕಟ್ಟಿದನು. ಅಲ್ಲಿ ಚರ್ಚು, ಜೀವನೋಪಾಯಕ್ಕೆ ಕಾಫಿಯ ತೋಟ. ಬಿಡಲು ಒಕ್ಕದ ಕೋವಿಯಾಗಲಿ ಜಮ್ಮಾ ಭೂಮಿಯಾಗಲಿ ಇವರಿಗೆ ಇರಲಿಲ್ಲ. ಪಡೆಯಲು ಒಂದು ಹೆಸರೂ ಒಂದು ಮನೆಯೂ ಇದ್ದುವು. ಪಾದ್ರಿಗಳ ಉದ್ದೇಶವನ್ನು ಶಂಕಿಸುವವರೂ ಈ ಒಂದು ಸಂಗತಿಯನ್ನು ತೂಗಿ ನೋಡಬೇಕು. ನಮ್ಮ ಮಠಗಳಲ್ಲಿ ಯಾವುದೂ ಆ ದಿನಗಳಲ್ಲಿ ಅವರಿಗಾಗಿ ಊರು ಕಟ್ಟಲಿಲ್ಲ.

ಇತ್ತ ಹಾಸನ ಸೀಮೆಯ ಮಲೆಯಾದ ಮಂಜರಾಬಾದಿನಲ್ಲಿ ಇದೇ ಕಥೆಯ ಇನ್ನೊಂದು ಮುಖವನ್ನು ಕಾಣಬಹುದು. ಅಲ್ಲಿಗೆ ಬಂದ ಕ್ರೈಸ್ತನು ಪಾದ್ರಿಯಲ್ಲ, ತೋಟಗಾರ. 1843ರಲ್ಲಿ ಫ್ರೆಡರಿಕ್ ಗ್ರೀನನು ಕಾಫಿಯ ಕೃಷಿಯನ್ನು ಮೊದಲುಮಾಡಿದನು. 1850ರ ದಶಕದಲ್ಲಿ ಬಂದ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟನು ತನ್ನ ಅನುಭವಗಳನ್ನು 1871ರಲ್ಲಿಯೂ 1894ರಲ್ಲಿಯೂ ಪುಸ್ತಕಗಳಾಗಿ ಪ್ರಕಟಿಸಿದನು. ಎರಡನೆಯ ಪುಸ್ತಕದ ಹೆಸರಿನಲ್ಲಿಯೇ ಚಿನ್ನ, ಬೇಟೆ, ಕಾಫಿ ಮೂರೂ ಸೇರಿವೆ. ಹುಲಿಬೇಟೆಯನ್ನು ಅವನು ರಸವತ್ತಾಗಿ ಬಣ್ಣಿಸುವನು. ಅದೇ ಲೇಖನಿಯಿಂದ ಜಾತಿಪದ್ಧತಿಯ ಪ್ರಶ್ನೆಯನ್ನೂ ಎತ್ತಿಕೊಂಡು, ಜಾತಿಯು ಕೇವಲ ಕೇಡೆಂದು ಸಾರುವ ಮಿಷನರಿಗಳನ್ನು ವಿರೋಧಿಸುವನು. ಹಳ್ಳಿಗರ ಮದ್ಯಸಂಯಮವನ್ನೂ ಸಂಸಾರನೀತಿಯನ್ನೂ ಜಾತಿಯ ಕಟ್ಟೇ ಕಾಯುತ್ತಿದೆಯೆಂಬುದು ಅವನ ವಾದ. ಗೌಡರೊಡನೆ ಕಾಡು ತಿರುಗಿದವನಿಗೆ ಗೌಡರ ಕಟ್ಟಳೆ ಒಪ್ಪಿಗೆಯಾದುದು ಸೋಜಿಗವಲ್ಲ. ಆದರೆ ಅವನ ವಾದದಲ್ಲಿ ಒಂದು ಕುಂದುಂಟು. ಕೂಲಿಯಾಳುಗಳ ದುಡಿಮೆಯಿಂದ ಬದುಕುವ ತೋಟದ ಒಡೆಯನಿಗೆ, ಊರಿನ ಮೇಲು ಕೀಳುಗಳು ಇದ್ದಂತೆಯೇ ಇರುವುದರಲ್ಲಿ ಲಾಭವಿದ್ದಿತು. ಹೀಗೆ ಒಂದೇ ಮತದ ಇಬ್ಬರು ಮಲೆಗೆ ಬಂದರು: ಪುಸ್ತಕ ಹಿಡಿದವನೊಬ್ಬ, ಕೋವಿ ಹಿಡಿದವನೊಬ್ಬ. ಮಲೆಯ ಒಡೆಯರು ಎರಡನೆಯವನೊಡನೆ ಬೆರೆತರು, ಮೊದಲನೆಯವನಿಂದ ಶಾಲೆಯನ್ನು ಮಾತ್ರ ಪಡೆದರು.

ಶಾಲೆಯ ಮಾತು ಬಂದುದರಿಂದ ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥನಾಗಿದ್ದ ಜಿ. ರಿಕ್ಟರನನ್ನು ನೆನೆಯಬೇಕು. ಅವನೂ ಬಾಸೆಲ್ ಮಿಷನ್ನಿನಿಂದ ಬಂದವನೇ. ಮೋಗ್ಲಿಂಗನು 1855ರಲ್ಲಿ ಕೊಡಗಿನ ವಿಷಯವಾಗಿ ಪುಸ್ತಕವನ್ನು ಬರೆದಿದ್ದನು. ರಿಕ್ಟರನ ಕೊಡಗಿನ ಕೈಪಿಡಿಯು 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷ ಗ್ರೇಟರನೆಂಬ ಇನ್ನೊಬ್ಬ ಪಾದ್ರಿಯು ಕೊಡವರ ಹಾಡುಗಳನ್ನು ಸಂಗ್ರಹಿಸಿದನು. ಕೈಲ್‌ಪೊಳ್ದು, ನರಿಮಂಗಲ, ಹುತ್ತರಿಗಳ ವಿಷಯವಾಗಿ ಇಂದು ವಿದ್ವಾಂಸರು ಮೊದಲು ತೆರೆಯುವುದು ಈ ಪುಸ್ತಕಗಳನ್ನೇ. ಬಿಡಿಸಬೇಕೆಂದು ಬಂದ ಆಚಾರಗಳನ್ನು ಅವರು ಬರೆದಿಟ್ಟರು. ಬರೆಯುವಾಗ ಕಣ್ಣು ಮಂಜಾಗಲಿಲ್ಲವೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಕಂಪೆನಿಯ ಬಳಿಕ ಬಂದ ರಾಣಿಯ ಸರ್ಕಾರವು ಕೋವಿಯ ಪಕ್ಷವನ್ನೇ ಹಿಡಿಯಿತು. 1857ರ ದಂಗೆಯ ತರುವಾಯ ದೇಶದಲ್ಲೆಲ್ಲ ಆಯುಧಗಳನ್ನು ಕಸಿದುಕೊಳ್ಳುತ್ತಿರಲು, ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ಆ ಕಾಯಿದೆಯಿಂದ ಹೊರತುಮಾಡಿದನು. ಆ ವಿನಾಯಿತಿಯನ್ನು ಸ್ವತಂತ್ರ ಭಾರತವೂ ಉಳಿಸಿಕೊಂಡು ಬಂದಿತು; ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು 2029ರವರೆಗೆ ಮುಂದುವರಿಸಿ ಕೇಂದ್ರ ಸರ್ಕಾರವು 2019ರಲ್ಲಿ ಆಜ್ಞೆ ಹೊರಡಿಸಿತು. ಬೇಟೆಯನ್ನು ನಿಲ್ಲಿಸಿದುದು ಪಾದ್ರಿಯೂ ಅಲ್ಲ, ಮನುವೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಕೈಲ್‌ಪೊಳ್ದಿನ ದಿನ ಕೋವಿಗಳು ಈಗಲೂ ತೋಕ್‌ಪೂ ಮುಡಿದು ದೀಪದ ಮುಂದೆ ನಿಲ್ಲುವುವು. ಪೂಜೆ ಮುಗಿದ ಮೇಲೆ ಗಂಡಸರು ಬಯಲಿಗೆ ಬಂದು, ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವರು.